ಇಪ್ಪತ್ತೈದು ನೆಂಟರ ಪಟ್ಟಿ

ನಮ್ಮ ಸಾಸಲು ಹೋಬಳಿಯಲ್ಲಿ ಈಗ ಡಿಗ್ರಿ ಓದಿದ ಮಕ್ಕಳಿಲ್ಲದ ಮನೆ ಕಡಿಮೆ. ಮಕ್ಕಳನ್ನು ಓದಿಸೋದೇ ಕಷ್ಟ ಅನ್ನೋ ಕಾಲ ಒಂದಿತ್ತು. ಈಗ ಓದಿದ ಮೇಲೆ ಏನು ಅನ್ನೋದು ಕಷ್ಟ. ಬೆಳಿಗ್ಗೆ ಹಾಲಿನ ಡೈರಿ ಮುಂದೆ ಕ್ಯಾನು ಹಿಡಿದು ನಿಂತವರ ಮಾತು ಕೇಳಿದರೆ ಗೊತ್ತಾಗುತ್ತದೆ.

"ಆವಲಪ್ಪಣ್ಣ, ಮಗಳ ಓದು ಮುಗೀತಾ?"

"ಇನ್ನೊಂದು ಸೆಮಿಸ್ಟರ್ ಐತೆ ಕಣಪ್ಪ."

"ಆಮೇಲೆ?"

ಈ 'ಆಮೇಲೆ' ಬಂದ ಕೂಡಲೇ ಆವಲಪ್ಪ ತಲೆ ತಗ್ಗಿಸಿ ಕ್ಯಾನು ಮುಂದಕ್ಕೆ ಸರಿಸುತ್ತಿದ್ದ. ಅವನು ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದ ಒಂದು ಬಟ್ಟೆ ಕಾರ್ಖಾನೆಯಲ್ಲಿ ಲೋಡಿಂಗ್ ವಿಭಾಗದಲ್ಲಿ ಕೆಲಸ ಮಾಡುತ್ತಾನೆ. ಮನೆಯಲ್ಲಿ ಎರಡು ಹಸು. ಅವನ್ನು ಹೆಂಡತಿ ಅಶ್ವತ್ಥಮ್ಮ ನೋಡಿಕೊಳ್ಳುತ್ತಾಳೆ. ಇಬ್ಬರಿಗೂ ಒಬ್ಬಳೇ ಮಗಳು, ಚಂದನ. ಬಿ.ಕಾಂ. ಅನ್ನು ದೊಡ್ಡಬಳ್ಳಾಪುರದಲ್ಲೇ ಮುಗಿಸಿದಳು. ಎಂ.ಕಾಂ.ಗೆ ಬೆಂಗಳೂರಿನ ವಿಶ್ವವಿದ್ಯಾಲಯಕ್ಕೆ ಸೇರಿದಳು. ವಿಷಯ ಹಣಕಾಸು. ದಿನಾ ಬಸ್ಸು, ಆಮೇಲೆ ರೈಲು. ಹೋಗುತ್ತಾ ಎರಡು ಗಂಟೆ, ಬರುತ್ತಾ ಎರಡು ಗಂಟೆ. ರೈಲಿನಲ್ಲಿ ಸೀಟು ಸಿಕ್ಕ ದಿನ ಓದುತ್ತಿದ್ದಳು. ಸಿಗದ ದಿನ ನಿಂತೇ ಓದುತ್ತಿದ್ದಳು.

ಕೊನೇ ಸೆಮಿಸ್ಟರಿನಲ್ಲಿ ಪ್ರತಿಯೊಬ್ಬರೂ ಎಂಟು ವಾರ ಯಾವುದಾದರೂ ಸಂಸ್ಥೆಯಲ್ಲಿ ಕೆಲಸ ಕಲಿತು, ಸರ್ಟಿಫಿಕೇಟ್ ತಂದು, ವರದಿ ಬರೆಯಬೇಕು. ಅದಕ್ಕೆ ಇಂಟರ್ನ್‌ಶಿಪ್ ಅನ್ನುತ್ತಾರೆ. ಚಂದನ ಹದಿನಾಲ್ಕು ಕಡೆ ಅರ್ಜಿ ಹಾಕಿದಳು. ಹನ್ನೆರಡು ಕಡೆಯಿಂದ ಉತ್ತರವೇ ಬರಲಿಲ್ಲ. ಎರಡು ಕಡೆ 'ಅನುಭವ ಬೇಕು' ಅಂದರು. ಅನುಭವ ಪಡೆಯೋದಕ್ಕೇ ಬರುತ್ತೀನಿ ಅಂದರೂ ಅನುಭವ ಕೇಳುತ್ತಾರಲ್ಲ ಎಂದು ಹುಡುಗಿಗೆ ಅಳು ಬಂತು.

ಆಗ ಫೋನಿಗೆ ಒಂದು ಮೆಸೇಜು ಬಂತು. 'ಹಣಕಾಸು ವಿದ್ಯಾರ್ಥಿಗಳಿಗೆ ಇಂಟರ್ನ್‌ಶಿಪ್. ಸರ್ಟಿಫಿಕೇಟ್ ಖಚಿತ. ಚೆನ್ನಾಗಿ ಕೆಲಸ ಮಾಡಿದವರಿಗೆ ತಿಂಗಳಿಗೆ ಮೂವತ್ತು ಸಾವಿರದ ನೌಕರಿ.' ಜೊತೆಗೆ ಓದುವ ರಮ್ಯಾಗೂ ಅದೇ ಮೆಸೇಜು ಬಂದಿತ್ತು. ಇಬ್ಬರೂ ಒಟ್ಟಿಗೆ ಹೋದರು.

ಆಫೀಸು ಬೆಂಗಳೂರಿನ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿತ್ತು. ಗಾಜಿನ ಬಾಗಿಲು, ಎ.ಸಿ., ಗೋಡೆ ತುಂಬ ಮೇಲಕ್ಕೇ ಹೋಗುವ ಗೆರೆಗಳ ಚಿತ್ರ. ಸುನಿಲ್‌ಕುಮಾರ್ ಅನ್ನುವವನು ಟೀಮ್ ಲೀಡರ್. ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ನಗುನಗುತ್ತಾ ಮಾತಾಡಿಸಿದ.

"ಭಯ ಪಡ್ಬೇಡಿ. ನಾನೂ ಹಳ್ಳಿಯವನೇ. ನಮ್ಮಂಥೋರು ಮುಂದೆ ಬರ್ಬೇಕು ಅಂತಾನೇ ಈ ಕಂಪನಿ ಇರೋದು."

ಎರಡು ದಿನ ತರಬೇತಿ ಆಯಿತು. ಮೂರನೇ ದಿನ ಒಬ್ಬೊಬ್ಬರಿಗೂ ಒಂದೊಂದು ಹಾಳೆ ಕೊಟ್ಟ. ಅದರಲ್ಲಿ ಇಪ್ಪತ್ತೈದು ಸಾಲು. ನೆಂಟರ ಹೆಸರು ಬರೆಯಬೇಕು. ಪಕ್ಕದಲ್ಲಿ ಅವರ ಕೆಲಸ, ಅವರ ಹತ್ತಿರ ಇರಬಹುದಾದ ಉಳಿತಾಯ ಬರೆಯಬೇಕು. ಕೊನೇ ಕಾಲಂನಲ್ಲಿ ಹೀಗಿತ್ತು: 'ಇವರಿಗೆ ನಿಮ್ಮ ಮೇಲೆ ಎಷ್ಟು ನಂಬಿಕೆ? ಹತ್ತಕ್ಕೆ ಎಷ್ಟು ಅಂಕ?'

ಕಂಪನಿಯ ಸ್ಕೀಮು ಸರಳವಾಗಿತ್ತು. ಒಂದು ಲಕ್ಷ ಹಾಕಿದರೆ ತಿಂಗಳಿಗೆ ನಾಲ್ಕು ಸಾವಿರ. ಎರಡು ವರ್ಷ ಆದ ಮೇಲೆ ಹಾಕಿದ ದುಡ್ಡು ವಾಪಸ್. ಒಬ್ಬ ವಿದ್ಯಾರ್ಥಿ ಐದು ಲಕ್ಷ ತಂದರೆ ಸರ್ಟಿಫಿಕೇಟ್. ಹತ್ತು ಲಕ್ಷ ತಂದರೆ ನೌಕರಿ.

ಚಂದನ ಓದಿದ ಹುಡುಗಿ. ತಿಂಗಳಿಗೆ ನೂರಕ್ಕೆ ನಾಲ್ಕು ಅಂದರೆ ವರ್ಷಕ್ಕೆ ನಲವತ್ತೆಂಟು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಬ್ಯಾಂಕಿನಲ್ಲಿ ವರ್ಷಕ್ಕೆ ಆರೋ ಏಳೋ ಸಿಗುತ್ತದೆ. ಇವರು ಇಷ್ಟು ಹೇಗೆ ಕೊಡುತ್ತಾರೆ ಅಂತ ಅನುಮಾನ ಬಂತು. ಆದರೆ ಆ ಗಾಜಿನ ಬಾಗಿಲು, ಆ ಮೂವತ್ತು ಸಾವಿರ, ಡೈರಿ ಮುಂದೆ ಅಪ್ಪ ತಲೆ ತಗ್ಗಿಸಿ ನಿಲ್ಲೋದು, ಎಲ್ಲಾ ಒಟ್ಟಿಗೇ ನೆನಪಾಯಿತು. ದೊಡ್ಡ ಕಂಪನಿಯವರು, ನನಗಿಂತ ಚೆನ್ನಾಗಿ ಗೊತ್ತಿರುತ್ತೆ ಅಂದುಕೊಂಡಳು. ಪಟ್ಟಿ ಬರೆದಳು. ಮೊದಲನೇ ಹೆಸರು ಪಾಪಮ್ಮ, ಸೋದರತ್ತೆ. ನಂಬಿಕೆಯ ಕಾಲಂನಲ್ಲಿ ಹತ್ತಕ್ಕೆ ಹತ್ತು ಹಾಕಿದಳು.

ಪಾಪಮ್ಮ ಆವಲಪ್ಪನ ಅಕ್ಕ. ಗಂಡ ತೀರಿಕೊಂಡು ಹತ್ತು ವರ್ಷವಾಗಿದೆ. ಎರಡು ಮನೆ ಆಚೆ ಒಬ್ಬಳೇ ಇದ್ದಾಳೆ. ಹಾಲು ಹಾಕಿ, ಹೆಂಗಸರ ಉಳಿತಾಯ ಸಂಘದಲ್ಲಿ ಉಳಿಸಿ, ಒಂದು ಲಕ್ಷ ನಲವತ್ತು ಸಾವಿರವನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟಿದ್ದಾಳೆ. ಅವಳ ಎರಡೂ ಮಂಡಿ ಸವೆದಿವೆ. ಕೂತರೆ ಏಳೋದಕ್ಕೆ ಗೋಡೆ ಹಿಡಿಯಬೇಕು. ಆಪರೇಷನ್ ದಿನ ಮನೆಯ ಖರ್ಚಿಗೂ ಆಮೇಲಿನ ಔಷಧಿಗೂ ಇರಲಿ ಅಂತ ಇಟ್ಟ ದುಡ್ಡು ಅದು.

ಸಂಘದ ಸಭೆ ಪ್ರತಿ ಭಾನುವಾರ ಸಂಜೆ ಪಾಪಮ್ಮನ ಮನೆ ಜಗುಲಿಯಲ್ಲಿ ನಡೆಯುತ್ತದೆ. ಆ ಭಾನುವಾರ ಚಂದನ ಬಣ್ಣದ ಕರಪತ್ರ ಹಿಡಿದುಕೊಂಡು ಬಂದು ಎಲ್ಲರಿಗೂ ಹಂಚಿದಳು. ಹದಿಮೂರು ಜನ ಹೆಂಗಸರು ಕೂತಿದ್ದರು. ತಮ್ಮ ಕಣ್ಣೆದುರಿಗೇ ಬೆಳೆದ ಹುಡುಗಿ ಷೇರು, ಹೂಡಿಕೆ ಅಂತೆಲ್ಲ ಮಾತಾಡೋದು ಕೇಳಿ ಅವರಿಗೆಲ್ಲ ಹೆಮ್ಮೆ.

ಮಾತು ಮುಗಿಯಿತು. ಪಾಪಮ್ಮ ಕರಪತ್ರ ತಿರುಗಿಸಿ ತಿರುಗಿಸಿ ನೋಡಿದಳು.

"ಚಂದು, ಒಂದು ಕೇಳ್ತೀನಿ. ತಪ್ಪು ತಿಳ್ಕಬೇಡ. ಹಸು ಹಾಲು ಕೊಡ್ಬೇಕು ಅಂದ್ರೆ ಬೂಸಾ ಹಾಕ್ಬೇಕು, ಹುಲ್ಲು ಹಾಕ್ಬೇಕು. ಈ ಕಂಪನಿ ತಿಂಗಳು ತಿಂಗಳು ನಾಲ್ಕು ಸಾವ್ರ ಕೊಡ್ತದಲ್ಲ, ಅದಕ್ಕೆ ಎಲ್ಲಿಂದ ಬರ್ತದೆ?"

"ಅವ್ರು ಷೇರು ಮಾರುಕಟ್ಟೇಲಿ ಹಾಕ್ತಾರೆ ಅತ್ತೆ. ಪರಿಣತರು ಇದಾರೆ."

"ಷೇರು ಬಿದ್ದೋದ್ರೆ?"

"ಬೀಳಲ್ಲ... ಅಂದ್ರೆ, ಬಿದ್ರೂ ಅವ್ರು ನೋಡ್ಕೋತಾರೆ."

"ಯಾರ ದುಡ್ಡಲ್ಲಿ ನೋಡ್ಕೋತಾರೆ?"

ಚಂದನ ಮಿಕ್ಕ ಕರಪತ್ರಗಳನ್ನು ಜೋಡಿಸತೊಡಗಿದಳು. ಪರೀಕ್ಷೆಯಲ್ಲಿ ಇದೇ ವಿಷಯಕ್ಕೆ ನೂರಕ್ಕೆ ಎಂಬತ್ತೊಂದು ತೆಗೆದ ಹುಡುಗಿ ಅವಳು. ಲಾಭ ಹೆಚ್ಚು ಇದ್ದ ಕಡೆ ಅಪಾಯವೂ ಹೆಚ್ಚು ಅಂತ ಮೂರು ಪುಟ ಬರೆದಿದ್ದಳು.

ಪಾಪಮ್ಮ ಅವಳ ಮುಖ ನೋಡಿದಳು. ಮಗು ಮುಜುಗರ ಪಡುತ್ತಿದೆ ಅಂತ ಅವಳೇ ಮಾತು ತಿರುಗಿಸಿದಳು.

"ಹೋಗ್ಲಿ ಬಿಡು. ನಂಗೆ ಅರ್ಥ ಆಗ್ಲಿಲ್ಲ, ಅಷ್ಟೇ. ನೀನು ಓದಿದೀಯ. ನೀನು ಹೇಳಿದ್ಮೇಲೆ ಇನ್ನೇನು? ನಾಳೆ ಬ್ಯಾಂಕಿಗೆ ಹೋಗಿ ಬಿಡಿಸ್ಕೊಂಡು ಬರೋಣ."

ಸೋಮವಾರ ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ದೊಡ್ಡಬಳ್ಳಾಪುರದ ಬಸ್ಸು ಹತ್ತಿದರು. ಪಾಪಮ್ಮ ಹಸಿರು ಸೀರೆ ಉಟ್ಟಿದ್ದಳು. ಠೇವಣಿಯ ರಸೀದಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಅದನ್ನು ಬಟ್ಟೆ ಚೀಲದಲ್ಲಿಟ್ಟು, ಚೀಲವನ್ನು ತೊಡೆ ಮೇಲೆ ಹಿಡಿದು ಕೂತಿದ್ದಳು. ದಾರಿಯುದ್ದಕ್ಕೂ ಮಾತಾಡಿದಳು. ಚಂದನಾಗೆ ನೌಕರಿ ಸಿಕ್ಕ ಮೇಲೆ ಮೊದಲ ಸಂಬಳದಲ್ಲಿ ಅಮ್ಮನಿಗೆ ಏನು ತೆಗೆಯಬೇಕು, ಅಪ್ಪನಿಗೆ ಏನು ತೆಗೆಯಬೇಕು ಅಂತ. ತನಗೆ ಏನೂ ಕೇಳಲಿಲ್ಲ. ಮಂಡಿ ವಿಷಯ ಎತ್ತಲೇ ಇಲ್ಲ.

ಬ್ಯಾಂಕಿನಲ್ಲಿ ಠೇವಣಿ ಮುರಿಸುವ ಅರ್ಜಿ ಕೊಟ್ಟರು. ಪಾಪಮ್ಮನಿಗೆ ಹೆಸರು ಬರೆಯೋದಕ್ಕೆ ಬರುತ್ತದೆ, ಅರ್ಜಿ ತುಂಬೋದಕ್ಕೆ ಬರುವುದಿಲ್ಲ. ಚಂದನ ತುಂಬತೊಡಗಿದಳು. ಹೆಸರು, ಖಾತೆ ನಂಬರು, ಮೊತ್ತ ಬರೆದಳು. ಸಹಿ ಹಾಕುವ ಜಾಗ ತೋರಿಸಿದಳು. ಪಾಪಮ್ಮ ಓದಲು ಪ್ರಯತ್ನವನ್ನೂ ಮಾಡದೆ ಪೆನ್ನು ತೆಗೆದುಕೊಂಡು 'ಪಾ' ಅಂತ ಬರೆದಳು.

"ಅತ್ತೆ, ನಿಲ್ಸು."

"ಯಾಕೆ, ತಪ್ಪಾಯ್ತಾ?"

"ಬೇಡ ಅತ್ತೆ. ಈ ದುಡ್ಡು ತೆಗೀಬೇಡ."

"ಏನಾಯ್ತು ಮಗ?"

"ನೀನು ನಿನ್ನೆ ಕೇಳಿದ್ಯಲ್ಲ, ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಅವ್ರ ಹತ್ರಾನೂ ಇಲ್ಲ. ನಂಗೆ ಮೊದ್ಲೇ ಗೊತ್ತಿತ್ತು ಅತ್ತೆ. ಗೊತ್ತಿದ್ದೂ ಸುಮ್ನಿದ್ದೆ."

ಚಂದನಾಳ ಕಣ್ಣಲ್ಲಿ ನೀರು. ಪಾಪಮ್ಮ ಬ್ಯಾಂಕಿನಲ್ಲಿ ಜನ ನೋಡುತ್ತಾರೆ ಅಂತ ಸೆರಗಿನಿಂದ ಅವಳ ಮುಖ ಒರೆಸಿದಳು.

"ಹಂಗಾದ್ರೆ ನಿನ್ನ ಸರ್ಟಿಫಿಕೇಟು?"

"ಅದು ಹೋಗ್ಲಿ."

ಅದೇ ಬ್ಯಾಂಕಿನ ಒಂದು ಮೂಲೆಯಲ್ಲಿ ಸಂಘಮಿತ್ರ ಅವರ ಮೇಜಿತ್ತು. ಅವರು ಹಣಕಾಸು ಸಾಕ್ಷರತೆಯ ಸಲಹೆಗಾರ್ತಿ. ಸಂಘಗಳಿಗೆ ಬಂದು ಉಳಿತಾಯ, ವಿಮೆ, ಸಾಲದ ವಿಷಯ ತಿಳಿಸಿಕೊಡುತ್ತಾರೆ. ಪಾಪಮ್ಮನಿಗೆ ಅವರ ಗುರುತಿತ್ತು. ಚಂದನಾಳ ಕೈ ಹಿಡಿದುಕೊಂಡು ನೇರ ಅಲ್ಲಿಗೆ ಹೋದಳು.

"ಮೇಡಂ, ಇದು ಸರಿನೋ ತಪ್ಪೋ ನೋಡಿ ಹೇಳಿ. ಹುಡುಗಿ ಹೆದರ್ಕೊಂಡವ್ಳೆ."

ಸಂಘಮಿತ್ರ ಕರಪತ್ರ ನೋಡಿದರು. ಚಂದನಾಳನ್ನು ಬೈಯಲಿಲ್ಲ. ಕುರ್ಚಿ ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು.

"ಹಣಕಾಸು ಓದ್ತಿದೀಯಲ್ಲ, ಬಾ, ನೀನೇ ಹುಡುಕು. ಜನರ ದುಡ್ಡು ಷೇರಲ್ಲಿ ಹಾಕ್ತೀವಿ ಅನ್ನೋರು ಯಾರ ಹತ್ರ ನೋಂದಣಿ ಮಾಡಿಸಿರ್ಬೇಕು?"

"ಸೆಬಿ ಹತ್ರ. ಷೇರು ಮಾರುಕಟ್ಟೇನ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಅತ್ತೆ."

"ಸೆಬಿ ವೆಬ್‌ಸೈಟಲ್ಲಿ ನೋಂದಣಿ ಆದೋರ ಪಟ್ಟಿ ಇರ್ತದೆ. ನೋಡು."

ಚಂದನ ನೋಡಿದಳು. ಕಂಪನಿಯ ಹೆಸರು ಇರಲಿಲ್ಲ. ಹೆಸರನ್ನು ಬೇರೆ ಬೇರೆ ರೀತಿ ಬರೆದು ಹುಡುಕಿದಳು. ಆಗಲೂ ಸಿಗಲಿಲ್ಲ.

"ಇಷ್ಟು ಲಾಭ ಖಂಡಿತ ಕೊಡ್ತೀವಿ ಅಂತ ಷೇರಿನ ವಿಷಯದಲ್ಲಿ ಮಾತು ಕೊಡೋ ಹಾಗೇ ಇಲ್ಲ. ನೋಂದಣಿ ಇದ್ದೋರೂ ಕೊಡೋ ಹಾಗಿಲ್ಲ. ಈಗ ಅವ್ರು ನಿಮ್ಮತ್ತೆ ಸಹಿಗೆ ಅಂತ ಕೊಟ್ಟಿರೋ ಒಪ್ಪಂದದ ಕಾಗದ ತೆಗಿ. ಜೋರಾಗಿ ಓದು, ನಿಮ್ಮತ್ತೆಗೂ ಕೇಳ್ಸಲಿ."

ಚಂದನ ಆ ಕಾಗದವನ್ನು ಅದುವರೆಗೆ ಪೂರ್ತಿ ಓದಿರಲಿಲ್ಲ. ಸಣ್ಣ ಅಕ್ಷರ, ಎರಡು ಪುಟ, ಎಲ್ಲಾ ಇಂಗ್ಲಿಷಿನಲ್ಲಿ. ಈಗ ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದಳು. ಎರಡನೇ ಪುಟಕ್ಕೆ ಬಂದಾಗ ಅವಳ ದನಿ ಸಣ್ಣಗಾಯಿತು. ಹೂಡಿಕೆ ಅನ್ನೋ ಪದ ಅಲ್ಲಿ ಎಲ್ಲೂ ಇರಲಿಲ್ಲ. ದುಡ್ಡು ಕೊಟ್ಟವರು ಒಬ್ಬ ವ್ಯಕ್ತಿಗೆ ಸ್ವಂತ ಇಷ್ಟದಿಂದ ಕೈಸಾಲ ಕೊಟ್ಟಿದ್ದಾರೆ ಅಂತ ಬರೆದಿತ್ತು. ದುಡ್ಡು ಹೋಗುವ ಖಾತೆಯೂ ಕಂಪನಿಯದಲ್ಲ, ಅದೇ ವ್ಯಕ್ತಿಯದು.

"ಕೈಸಾಲಾನಾ?" ಪಾಪಮ್ಮ ಬೆರಗಾದಳು. "ಮುಖಾನೇ ನೋಡ್ದೇ ಇರೋರಿಗೆ ಯಾರಾದ್ರೂ ಲಕ್ಷಗಟ್ಲೆ ಕೈಸಾಲ ಕೊಡ್ತಾರಾ?"

"ಅದಕ್ಕೇ ಅಮ್ಮ, ಅವ್ರು ನಿಮಗೆ ಗೊತ್ತಿರೋ ಮುಖಾನ ಕಳ್ಸಿದ್ದು," ಅಂದರು ಸಂಘಮಿತ್ರ. "ಹೊಸಬರು ನಿಮ್ಮ ಊರಿಗೆ ಬಂದು ಕೇಳಿದ್ರೆ ನೀವು ಕೊಡಲ್ಲ. ನಿಮ್ಮ ಮಗು ಕೇಳಿದ್ರೆ ಕೊಡ್ತೀರಿ. ನಾಳೆ ದುಡ್ಡು ಹೋದ್ರೆ ಊರಲ್ಲಿ ಯಾರ್ನ ಕೇಳ್ತಾರೆ? ಇವಳ್ನ. ಇಂಥ ಠೇವಣಿ ಎತ್ತಿಕೊಟ್ಟೋರ ಮೇಲೂ ಕೇಸ್ ಆಗ್ತದೆ. ಇವಳಿಗೆ ಇನ್ನೂ ಇಪ್ಪತ್ತೆರಡು ವರ್ಷ."

ಅವತ್ತು ಠೇವಣಿ ಇದ್ದಲ್ಲೇ ಇತ್ತು. ಅರ್ಧ ಬರೆದ ಅರ್ಜಿಯನ್ನು ಪಾಪಮ್ಮ ತಾನೇ ಹರಿದು ಬುಟ್ಟಿಗೆ ಹಾಕಿದಳು.

ಬಸ್ ಸ್ಟ್ಯಾಂಡಿನಲ್ಲಿ ಕೂತಾಗ ಸುನಿಲ್‌ಕುಮಾರ್ ಫೋನು ಬಂತು.

"ಚಂದನ, ಎಷ್ಟು ಆಯ್ತು?"

"ಆಗ್ಲಿಲ್ಲ ಸರ್. ನಾನು ಬರಲ್ಲ."

"ಸರ್ಟಿಫಿಕೇಟ್ ಬೇಡ್ವಾ? ಒಂದು ವರ್ಷ ವೇಸ್ಟ್ ಆಗ್ತದೆ ನೋಡಿ."

"ಆಗ್ಲಿ ಸರ್. ಒಂದು ಕೇಳ್ಲಾ? ನಿಮ್ಮನೆಯವ್ರ ದುಡ್ಡು ಹಾಕಿದೀರಾ ನೀವು?"

"ನಮ್ಮ ಭಾವಂದು ಐತೆ," ಅಂದ. ದನಿಯಲ್ಲಿ ನಗು ಇರಲಿಲ್ಲ. ಫೋನು ಕಟ್ಟಾಯಿತು.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ಊರಿಗೆ ಬಂದಾಗ ಸಂಘದ ಹಿರಿಯ ಸದಸ್ಯೆ ಅಮ್ಮಯಮ್ಮ ಜಗುಲಿ ಮೇಲೆ ಕಾಯುತ್ತಿದ್ದರು. ಮಗನ ಹೆಂಡತಿಯ ಫೋನಿನಿಂದ, ಕರಪತ್ರದ ಮೇಲಿದ್ದ ಕ್ಯೂಆರ್ ಕೋಡು ಸ್ಕ್ಯಾನ್ ಮಾಡಿಸಿ, ಅವತ್ತು ಬೆಳಿಗ್ಗೆಯೇ ಹದಿನೈದು ಸಾವಿರ ಕಳಿಸಿಬಿಟ್ಟಿದ್ದರು. ಚಂದನಾಗೆ ಹೇಳಿ ಖುಷಿಪಡಿಸೋಣ ಅಂತ ಬಂದಿದ್ದರು.

ಚಂದನ ಅಳುತ್ತಲೇ ಸಂಘಮಿತ್ರ ಅವರಿಗೆ ಫೋನು ಮಾಡಿದಳು. "ಅಳ್ತಾ ಕೂರ್ಬೇಡ. ಈಗ್ಲೇ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡು. ಯಾವ ಖಾತೆಯಿಂದ ಹೋಯ್ತು, ಯಾವ ಹೊತ್ತಿಗೆ ಹೋಯ್ತು, ಎಲ್ಲಾ ಹೇಳು. ಬೇಗ ಹೇಳಿದಷ್ಟೂ ಒಳ್ಳೇದು. ನಾಳೆ ಪೊಲೀಸ್ ಸ್ಟೇಷನ್ನಿಗೆ ಹೋಗಿ ದೂರು ಕೊಡಿ," ಅಂದರು ಅವರು. ಹಾಗೇ ಮಾಡಿದರು. ಆ ಖಾತೆಯಲ್ಲಿ ಉಳಿದಿದ್ದ ದುಡ್ಡಲ್ಲಿ ಅಮ್ಮಯಮ್ಮನ ನಾಲ್ಕು ಸಾವಿರ ತಡೆಹಿಡಿದಿದ್ದೇವೆ ಅಂತ ಮಾಹಿತಿ ಬಂತು. ಮಿಕ್ಕ ಹನ್ನೊಂದು ಸಾವಿರ ಆಗಲೇ ಬೇರೆಲ್ಲಿಗೋ ಹೋಗಿತ್ತು.

ಮುಂದಿನ ಭಾನುವಾರ ಸಭೆಗೆ ಚಂದನ ಬಂದಳು. ಪಾಪಮ್ಮ, "ನಾನೇ ಹೇಳ್ತೀನಿ, ನೀನು ಸುಮ್ನಿರು," ಅಂದಿದ್ದಳು. ಚಂದನ ಒಪ್ಪಲಿಲ್ಲ. ಎದ್ದು ನಿಂತಳು.

"ಹೋದ ವಾರ ನಾನು ಹೇಳಿದ್ದು ಸುಳ್ಳು. ನಂಗೆ ಅನುಮಾನ ಇತ್ತು. ಆದ್ರೂ ಹೇಳ್ದೆ. ನೌಕರಿ ಆಸೆಗೆ ಹೇಳ್ದೆ. ಅಮ್ಮಯಮ್ಮಜ್ಜಿ ದುಡ್ಡು ಹೋಯ್ತು. ಅದು ನನ್ನಿಂದ ಹೋಯ್ತು."

ಒಬ್ಬಾಕೆ ಎದ್ದು ಹೋದಳು. ಅಮ್ಮಯಮ್ಮ ಮಾತ್ರ ತಲೆ ಅಲ್ಲಾಡಿಸಿ, "ಬಂದು ಹೇಳಿದ್ಯಲ್ಲ, ಕೂತ್ಕೋ," ಅಂದರು.

ಆವಲಪ್ಪನಿಗೆ ಈ ಸುದ್ದಿ ಮಗಳ ಬಾಯಿಂದ ಬರುವ ಮೊದಲೇ ಡೈರಿ ಮುಂದೆ ಸಿಕ್ಕಿತ್ತು. ಅವನು ಕೂಗಾಡುವ ಮನುಷ್ಯನಲ್ಲ. ಊಟ ಮಾಡಿ ಕೈ ತೊಳೆದು ಹೇಳಿದ:

"ಇನ್ನು ಸಾಕು ಚಂದು. ಕೊನೇ ಸೆಮಿಸ್ಟರ್ ಫೀಸು ಕಟ್ಟಲ್ಲ. ನಮ್ಮ ಫ್ಯಾಕ್ಟರಿ ಪಕ್ಕದ ಗಾರ್ಮೆಂಟ್ಸಲ್ಲಿ ಪ್ಯಾಕಿಂಗಿಗೆ ಜನ ಬೇಕಂತೆ. ಸೋಮವಾರ ಹೋಗು. ಬೆವರು ಸುರಿಸಿ ದುಡಿದ್ರೆ ಯಾರೂ ಬಾಯಿ ಮಾಡಲ್ಲ."

ಅಶ್ವತ್ಥಮ್ಮ ಏನೋ ಹೇಳಲು ಹೋದಳು. ಅವನು ಎದ್ದು ಆಚೆ ಹೋಗಿಬಿಟ್ಟ. ಚಂದನ ಎದುರು ಮಾತಾಡಲಿಲ್ಲ. ತಪ್ಪು ಮಾಡಿದವಳಿಗೆ ಇದೇ ಸರಿ ಅಂತ ಅವಳಿಗೂ ಅನ್ನಿಸಿಬಿಟ್ಟಿತ್ತು.

ಎರಡು ದಿನ ಬಿಟ್ಟು, ಆವಲಪ್ಪನ ವಾರದ ರಜೆಯ ದಿನ, ಪಾಪಮ್ಮ ಸಂಘಮಿತ್ರ ಅವರನ್ನು ಕರೆದುಕೊಂಡು ತಮ್ಮನ ಮನೆಗೆ ಬಂದಳು. ಅಶ್ವತ್ಥಮ್ಮ ಚಾಪೆ ಹಾಸಿ ಮಜ್ಜಿಗೆ ಕೊಟ್ಟಳು.

"ಲೇ ಆವಲ, ನನ್ನ ದುಡ್ಡು ಉಳಿಸಿದ್ದು ಯಾರು?" ಅಂದಳು ಪಾಪಮ್ಮ.

"ಹೋಗೋ ಹಂಗೆ ಮಾಡಿದ್ದೂ ಅವಳೇ ಅಲ್ವಾ ಅಕ್ಕ? ಓದದೇ ಇದ್ದಿದ್ರೆ ಆ ಕಾಗದಾನ ಊರಿಗೇ ತರ್ತಿರ್ಲಿಲ್ಲ."

ಪಾಪಮ್ಮ ಸಂಘಮಿತ್ರ ಅವರ ಕಡೆ ನೋಡಿದಳು. ಸಂಘಮಿತ್ರ ನಿಧಾನವಾಗಿ ಮಾತಿಗೆ ಬಂದರು.

"ನೀವು ಹೇಳೋದು ಸರಿ ಆವಲಪ್ಪನವ್ರೇ. ತಂದಿದ್ದೂ ಅವಳೇ, ತಡೆದಿದ್ದೂ ಅವಳೇ. ಒಂದು ಕೇಳ್ತೀನಿ. ನಿಮ್ಮ ಫ್ಯಾಕ್ಟರೀಲಿ ನಿಮ್ಮ ಸಂಬಳ, ಪಿ.ಎಫ್. ಎಲ್ಲಾ ನೋಡೋರು ಯಾರು?"

"ಅಕೌಂಟ್ಸ್ ಸೆಕ್ಷನ್ನೋರು."

"ಅವ್ರು ಓದಿರೋದು ಇದೇ ಓದು. ನಿಮ್ಮ ಡೈರೀಲಿ ವರ್ಷಕ್ಕೊಂದ್ಸಲ ಆಡಿಟ್ ಮಾಡಕ್ಕೆ ಬರ್ತಾರಲ್ಲ, ಅವ್ರದೂ ಇದೇ. ಬ್ಯಾಂಕು, ಸಹಕಾರ ಸಂಘ, ವಿಮೆ, ಮಗ್ಗದವ್ರ ಜಿ.ಎಸ್.ಟಿ., ಎಲ್ಲಾ ಕಡೆ ಇಂಥ ಮಕ್ಕಳು ಬೇಕು. ದುಡ್ಡು ಎತ್ತಿ ಕೊಡೋದೇ ಹಣಕಾಸಿನ ಕೆಲಸ ಅಂತ ಆ ಕಂಪನಿಯವ್ರು ಇವಳಿಗೆ ತೋರಿಸಿದ್ರು. ನಾವು ಬೇರೇದು ತೋರ್ಸಿಲ್ಲ. ನಾನೂ ಹಳ್ಳಿಯಿಂದ ಬಂದೋಳೇ. ನಂಗೂ ಹೇಳಿಕೊಡೋರು ಇರ್ಲಿಲ್ಲ."

"ಇನ್ನೊಂದ್ಸಲ ಹಿಂಗೇ ಆದ್ರೆ?"

"ಇನ್ನೊಂದ್ಸಲ ಆಗಬಾರ್ದು ಅಂದ್ರೆ ನೀವೇ ಜೊತೆಗೆ ಹೋಗಿ ನೋಡಿ. ಮಗಳು ಎಲ್ಲಿ ಕಲೀತಾಳೆ ಅಂತ ಕೇಳೋ ಹಕ್ಕು ನಿಮಗೈತೆ. ಇಂಗ್ಲಿಷ್ ಬರ್ದೇ ಇದ್ರೂ ಕೇಳ್ಬೋದು."

ಆವಲಪ್ಪ ಮಗಳ ಕಡೆ ನೋಡಿದ. "ನಿಂಗೆ ಓದ್ಬೇಕು ಅಂತ ಐತಾ?"

"ಐತೆ ಅಪ್ಪ," ಅಂದಳು ಚಂದನ. ಅಷ್ಟು ದಿನದಲ್ಲಿ ಅವಳು ಅಪ್ಪನ ಮುಖ ನೋಡಿ ಆಡಿದ ಮೊದಲ ಮಾತು ಅದು.

ಮಾರನೇ ದಿನ ಚಂದನ ವಿಭಾಗದ ಮೇಷ್ಟರನ್ನು ಕಂಡು, ನಡೆದಿದ್ದೆಲ್ಲ ಹೇಳಿ, ವಿಶ್ವವಿದ್ಯಾಲಯದ ಪತ್ರ ತೆಗೆದುಕೊಂಡಳು. ಆ ಪತ್ರ ಹಿಡಿದು ಬೆಂಗಳೂರನ್ನು ಅಲೆಯಲಿಲ್ಲ. ದೊಡ್ಡಬಳ್ಳಾಪುರದಲ್ಲೇ ಕೆಂಪರಾಜ್ ಅನ್ನುವ ಆಡಿಟರ ಆಫೀಸು ಇತ್ತು. ಮಗ್ಗದವರ, ಅಂಗಡಿಯವರ, ಸಹಕಾರ ಸಂಘಗಳ ಲೆಕ್ಕ ನೋಡುವ ಆಫೀಸು. ಗಾಜಿನ ಬಾಗಿಲಿಲ್ಲ. ಎರಡು ರೂಮು, ನಾಲ್ಕು ಮೇಜು, ಛಾವಣಿವರೆಗೂ ಫೈಲು.

ಆವಲಪ್ಪ ಅರ್ಧ ದಿನ ರಜೆ ಹಾಕಿ ಜೊತೆಗೆ ಬಂದ. ಇಸ್ತ್ರಿ ಮಾಡಿದ ಷರ್ಟು ಹಾಕಿದ್ದ. ಕುರ್ಚಿಯ ತುದಿಯಲ್ಲಿ ಕೂತು, ಮನೆಯಲ್ಲಿ ಮೂರು ಸಲ ಹೇಳಿಕೊಂಡು ಬಂದಿದ್ದ ಮಾತು ಕೇಳಿದ.

"ಸಾರ್, ಇಲ್ಲಿ ನಮ್ಮ ನೆಂಟರ ದುಡ್ಡು ತರ್ಬೇಕಾ?"

ಕೆಂಪರಾಜ್ ಕನ್ನಡಕ ತೆಗೆದು ನಕ್ಕರು. "ಬೇಡಪ್ಪ. ದಿನಾ ಹೊತ್ತಿಗೆ ಸರಿಯಾಗಿ ಬಂದ್ರೆ ಸಾಕು."

"ಇವಳೇ ಏನಾದ್ರೂ ಕಟ್ಬೇಕಾ?"

"ಕೆಲಸ ಕಲಿಯೋರ ಹತ್ರ ದುಡ್ಡು ಕೇಳಲ್ಲ. ತಿಂಗಳಿಗೆ ಐದು ಸಾವಿರ ನಾನೇ ಕೊಡ್ತೀನಿ. ಮೊದಲ ಎರಡು ವಾರ ಬರೀ ಬಿಲ್ಲು ಜೋಡಿಸೋದು. ಬೇಜಾರಾಗ್ತದೆ. ಬೇಜಾರಾದ್ರೂ ಬರ್ತಾಳಾ ಕೇಳಿ."

ಚಂದನ ಹೋದಳು. ಬೇಜಾರೂ ಆಯಿತು. ನೂಲಿನ ಬಿಲ್ಲು, ಬಣ್ಣದ ಬಿಲ್ಲು, ಕರೆಂಟು ಬಿಲ್ಲು ಅಂತ ದಿನವಿಡೀ ದಿನಾಂಕ ನೋಡಿ ಜೋಡಿಸಬೇಕು. ಆದರೆ ನಾಲ್ಕನೇ ವಾರ ಒಬ್ಬ ಮಗ್ಗದವನ ಲೆಕ್ಕ ನೋಡುತ್ತಿದ್ದಾಗ, ಸರ್ಕಾರಕ್ಕೆ ಎರಡು ಸಲ ಕಟ್ಟಿದ್ದ ತೆರಿಗೆಯನ್ನು ಅವಳೇ ಹಿಡಿದಳು. ಕೆಂಪರಾಜ್ ಅದನ್ನು ತಿರುಗಿ ನೋಡಿ, ಏನೂ ಹೇಳದೆ ಇನ್ನೊಂದು ದೊಡ್ಡ ಫೈಲು ತಂದು ಅವಳ ಮೇಜಿನ ಮೇಲಿಟ್ಟರು. ಅವತ್ತು ಅವಳು ಬಸ್ಸಿನಲ್ಲಿ ತನ್ನಷ್ಟಕ್ಕೆ ತಾನೇ ನಗುತ್ತಾ ಬಂದಳು.

ಬಂದ ಐದು ಸಾವಿರದಲ್ಲಿ ಎರಡು ಸಾವಿರ ತೆಗೆದುಕೊಂಡು ಹೋಗಿ ಅಮ್ಮಯಮ್ಮನ ಮುಂದಿಟ್ಟಳು. ಬೇಡ ಅನ್ನುತ್ತಾರೆ ಅಂದುಕೊಂಡಿದ್ದಳು. ಅಮ್ಮಯಮ್ಮ ಎಣಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. "ನಂಗೆ ಬೇಕು ಕಣವ್ವ. ಮಿಕ್ಕಿದ್ದನ್ನ ನಿಧಾನಕ್ಕೆ ಕೊಡು," ಅಂದರು. ಚಂದನಾಗೆ ಅದೇ ಸಮಾಧಾನ ಆಯಿತು.

ರಮ್ಯಾಳ ಕಥೆ ಬೇರೆ. ಅವಳು ತನ್ನ ಚಿಕ್ಕಪ್ಪನಿಂದ ಮೂರು ಲಕ್ಷ ಹಾಕಿಸಿದ್ದಳು. ಎರಡು ತಿಂಗಳು ದುಡ್ಡು ಬಂತು. ಮೂರನೇ ತಿಂಗಳು ಆ ಮೂರನೇ ಮಹಡಿಯ ಆಫೀಸಿಗೆ ಬೀಗ ಬಿತ್ತು. ದೂರು ಕೊಟ್ಟಿದ್ದಾರೆ, ತನಿಖೆ ನಡೆಯುತ್ತಿದೆ. ಚಿಕ್ಕಪ್ಪ ಅವಳ ಜೊತೆ ಇನ್ನೂ ಮಾತಾಡುತ್ತಿಲ್ಲ. ಪರೀಕ್ಷೆ ಬರೆಯುವುದಿಲ್ಲ ಅಂತ ಕೂತಿದ್ದ ಅವಳನ್ನು ಚಂದನಾಳೇ ಮನೆಗೆ ಹೋಗಿ ಕರೆದುಕೊಂಡು ಬಂದಳು.

ರಮ್ಯಾ ಮೇಷ್ಟರ ಪತ್ರ ಹಿಡಿದು ಬೇರೊಂದು ಕಡೆ ಕೆಲಸ ಕಲಿತು ವರದಿ ಬರೆದಳು. ಇಬ್ಬರೂ ಪಾಸಾದರು. ಚಂದನ ಈಗ ಕೆಂಪರಾಜ್ ಅವರ ಆಫೀಸಿನಲ್ಲೇ ಸಂಬಳಕ್ಕಿದ್ದಾಳೆ, ಬ್ಯಾಂಕ್ ಪರೀಕ್ಷೆಗೂ ಓದುತ್ತಿದ್ದಾಳೆ. ಪಾಪಮ್ಮನಿಗೆ ಒಂದು ಮಂಡಿಯ ಆಪರೇಷನ್ ಆಯಿತು. ಹೊಸ ಸೆಮಿಸ್ಟರ್ ಶುರುವಾದಾಗ ಮೇಷ್ಟರು ಚಂದನಾಳನ್ನೂ ರಮ್ಯಾಳನ್ನೂ ಕರೆಸಿ, ಕಿರಿಯ ವಿದ್ಯಾರ್ಥಿಗಳ ಮುಂದೆ ನಿಲ್ಲಿಸಿದರು. ರಮ್ಯಾ ಬೋರ್ಡಿನ ಮೇಲೆ ಚಿಕ್ಕಪ್ಪ ಕೊಟ್ಟ ಮೊತ್ತ ಬರೆದು, ಪಕ್ಕಕ್ಕೆ ಸರಿದು ನಿಂತಳು. ಹುಡುಗರೆಲ್ಲ ಫೋನು ಕೆಳಗಿಟ್ಟು ನೋಡಿದರು. ಅವರಲ್ಲಿ ಹನ್ನೊಂದು ಜನಕ್ಕೆ, ಬೇರೊಂದು ಹೆಸರಿನ ಕಂಪನಿಯಿಂದ, ಅಂಥದೇ ಮೆಸೇಜು ಆಗಲೇ ಬಂದಿತ್ತು.

ಈ ಕಥೆ ಓದುತ್ತಿರುವ ತಮ್ಮಂದಿರೇ, ತಂಗಿಯರೇ, ಹಣಕಾಸು ಒಳ್ಳೆಯ ಓದು. ಧೈರ್ಯವಾಗಿ ಓದಿ. ಕೆಲಸ ಕಲಿಯೋದಕ್ಕೆ ಹೊರಟಾಗ ಮೊದಲು ನಿಮ್ಮ ಕಾಲೇಜಿನ ಮೇಷ್ಟರನ್ನು ಕೇಳಿ, ಕಾಲೇಜಿನ ಪತ್ರದೊಂದಿಗೇ ಹೋಗಿ. ನಿಮ್ಮ ಹತ್ತಿರ ದುಡ್ಡು ಕೇಳುವ, ನಿಮ್ಮ ನೆಂಟರ ಹೆಸರು ಕೇಳುವ ಸಂಸ್ಥೆಯಿಂದ ಅವತ್ತೇ ಎದ್ದು ಬನ್ನಿ. ಷೇರಿನಲ್ಲಿ ದುಡ್ಡು ಹಾಕುತ್ತೇವೆ ಅನ್ನುವ ಕಂಪನಿಯ ಹೆಸರು ಸೆಬಿಯ ಪಟ್ಟಿಯಲ್ಲಿದೆಯೇ ನೋಡಿ. ಠೇವಣಿ ಎತ್ತುವವರ ಮೇಲೆ ಅನುಮಾನ ಬಂದರೆ ರಿಸರ್ವ್ ಬ್ಯಾಂಕಿನ 'ಸಚೇತ್' ಪೋರ್ಟಲ್ಲಿನಲ್ಲಿ ತಿಳಿಸಿ. ಆನ್‌ಲೈನಿನಲ್ಲಿ ಮೋಸ ಹೋದರೆ ನಾಚಿಕೊಂಡು ಕೂರಬೇಡಿ, ಕೂಡಲೇ 1930ಕ್ಕೆ ಫೋನ್ ಮಾಡಿ.

ಅಕ್ಕಂದಿರೇ, ಅಣ್ಣಂದಿರೇ, ನಿಮಗೂ ಒಂದು ಮಾತು. ಮನೆಯ ಮಗು ಕಾಗದ ಹಿಡಿದು ಬಂದಾಗ ಪ್ರೀತಿಗೆ ಸಹಿ ಹಾಕಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ಅದನ್ನು ಪೂರ್ತಿ ಓದಿಸಿ. ಅರ್ಥ ಆಗದಿದ್ದರೆ 'ಇನ್ನೊಂದ್ಸಲ ಹೇಳು ಮಗ' ಅನ್ನಿ. ಅರ್ಥ ಆಗುವವರೆಗೂ ಪೆನ್ನು ಮುಟ್ಟಬೇಡಿ.